ದಪ್ಪಗಿರುವ ಮಕ್ಕಳಿಗೂ ಪ್ರೀತಿಯಾಗುತ್ತದೆ

(ಪದವಿಪೂರ್ವ ಕಾಲೇಜೊಂದರಲ್ಲಿ ಪೋಷಕರು, ಉಪನ್ಯಾಸಕರು ಮತ್ತು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೊಜ್ಜಿನ ಬಗ್ಗೆ ಮಾತು ಅಂದಕೂಡಲೇ ಪಾನಿಪುರಿ ತಿನ್ನಬೇಡಿ, ಮೊಬೈಲ್ ನೋಡಬೇಡಿ, ಬೆಳಗ್ಗೆ ಎದ್ದು ಓಡಿ ಅಂತ ಬುದ್ಧಿ ಹೇಳುತ್ತಾರೆ ಎಂದುಕೊಂಡು ಕೆಲವು ಮಕ್ಕಳು ಮುಖ ಸಣ್ಣದು ಮಾಡಿಕೊಂಡು ಕೂತಿದ್ದೀರಿ. ಅದನ್ನೆಲ್ಲ ನೀವು ಬೇಕಾದಷ್ಟು ಕೇಳಿದ್ದೀರಿ. ಇವತ್ತು ನಾನು ಪ್ರೀತಿಯ ಬಗ್ಗೆ ಮಾತಾಡುತ್ತೇನೆ.

ನಾನು ಹದಿಹರೆಯದವರ ಆಪ್ತಸಮಾಲೋಚಕಿ. ತೂಕ ಜಾಸ್ತಿ ಇರುವ ಮಕ್ಕಳನ್ನು ಅಪ್ಪ ಅಮ್ಮ ನನ್ನ ಹತ್ತಿರ ಕರೆತರುತ್ತಾರೆ. ಓದಿನ ಮೇಲೆ ಗಮನ ಇಲ್ಲ, ರೂಮಿನಿಂದ ಆಚೆ ಬರಲ್ಲ, ನೆಂಟರ ಮದುವೆಗೆ ಕರೆದರೆ ಬರಲ್ಲ ಅನ್ನುತ್ತಾರೆ. ದೊಡ್ಡವರನ್ನು ಹೊರಗೆ ಕೂರಿಸಿ ಬಾಗಿಲು ಹಾಕಿದ ಮೇಲೆ ಮಕ್ಕಳ ಬಾಯಿಂದ ಬರುವ ಮಾತೇ ಬೇರೆ. "ನಂಗೆ ಒಬ್ಬ ಇಷ್ಟ ಮೇಡಂ. ಆದ್ರೆ ನನ್ನನ್ನ ಯಾರು ನೋಡ್ತಾರೆ?" ಹುಡುಗಿಯರೂ ಇದನ್ನೇ ಹೇಳುತ್ತಾರೆ, ಹುಡುಗರೂ ಇದನ್ನೇ ಹೇಳುತ್ತಾರೆ. ಹುಡುಗರು ಸ್ವಲ್ಪ ತಡವಾಗಿ ಹೇಳುತ್ತಾರೆ, ಅಷ್ಟೇ.

ಇಲ್ಲಿ ಹೇಳುವ ಮಕ್ಕಳ ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಇದು ನಿಮ್ಮ ಪಕ್ಕದ ಬೆಂಚಿನವರ ಕತೆ ಅನ್ನಿಸಿದರೆ, ಅದಕ್ಕೆ ಕಾರಣ ಇಂಥ ಕತೆ ಎಲ್ಲ ಕಾಲೇಜಿನಲ್ಲೂ ಇರುವುದು.

ಎಷ್ಟು ಮಕ್ಕಳ ವಿಷಯ ಇದು? 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ, 2022ರಲ್ಲಿ ನಮ್ಮ ದೇಶದಲ್ಲಿ 5ರಿಂದ 19 ವರ್ಷದೊಳಗಿನ ಸುಮಾರು 1.25 ಕೋಟಿ ಮಕ್ಕಳಿಗೆ ಬೊಜ್ಜು ಇತ್ತು. ಈ ವಯಸ್ಸಿನಲ್ಲಿ ತೀರಾ ಸಣಕಲಾಗಿರುವ ಮಕ್ಕಳಿಗಿಂತ ಬೊಜ್ಜಿರುವ ಮಕ್ಕಳೇ ಜಗತ್ತಿನಲ್ಲಿ ಈಗ ಜಾಸ್ತಿ ಎಂದು 2025ರ ಸೆಪ್ಟೆಂಬರ್‌ನಲ್ಲಿ ಯುನಿಸೆಫ್ ಹೇಳಿತು. ಕರ್ನಾಟಕದ ದೊಡ್ಡವರನ್ನು ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೂರಕ್ಕೆ 30 ಹೆಂಗಸರು, ಹೆಚ್ಚು ಕಡಿಮೆ 31 ಗಂಡಸರು ಅಧಿಕ ತೂಕದವರು. ಅಂದರೆ ಮಕ್ಕಳಿಗೆ "ಇಷ್ಟು ದಪ್ಪ ಯಾಕಾದೆ" ಅಂತ ಕೇಳುವವರಲ್ಲಿ ಬಹಳ ಜನ ತಾವೂ ಅದೇ ಲೆಕ್ಕದಲ್ಲಿದ್ದಾರೆ.

ಕಾರಣದ ಬಗ್ಗೆ ಎರಡೇ ಮಾತು. ತೂಕ ಬರೀ ತಿನ್ನುವುದರಿಂದ ಬರುವುದಿಲ್ಲ. ಮನೆತನದಿಂದ ಬಂದ ಜೀನುಗಳ ಪಾಲು ದೊಡ್ಡದು. ನಿದ್ದೆ ಕಡಿಮೆಯಾದರೂ ತೂಕ ಏರುತ್ತದೆ. ಸ್ಟೀರಾಯ್ಡ್, ಫಿಟ್ಸ್‌ಗೆ ಕೊಡುವ ಕೆಲವು ಮಾತ್ರೆ, ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಏರುತ್ತದೆ. ಬೆಳಗ್ಗೆ ಕತ್ತಲಿರುವಾಗಲೇ ಎಬ್ಬಿಸಿ, ಕಾಲೇಜು ಮುಗಿದ ಮೇಲೆ ನೀಟ್ ಕೋಚಿಂಗು, ಆಮೇಲೆ ಸ್ಟಡಿ ಅವರ್ ಅಂತ ರಾತ್ರಿವರೆಗೂ ಕುರ್ಚಿಯಲ್ಲೇ ಕೂರಿಸಿ, ಆಟದ ಪೀರಿಯಡ್ಡನ್ನೂ ಗಣಿತಕ್ಕೆ ಕೊಟ್ಟು, ಕೊನೆಗೆ "ನಿನಗೆ ಸೋಮಾರಿತನ" ಅನ್ನುವುದು ನ್ಯಾಯವಾ? ಇದನ್ನು ಹೇಳಿದ್ದು ಯಾಕೆಂದರೆ, ತಪ್ಪೆಲ್ಲ ತನ್ನದೇ ಎಂದು ನಂಬಿದ ಮಗು ತನಗೆ ಆಗುವ ಅವಮಾನವೂ ತನಗೆ ಸಲ್ಲಬೇಕಾದ್ದೇ ಎಂದು ನಂಬುತ್ತದೆ. ಪ್ರೀತಿಯ ವಿಷಯಕ್ಕೆ ಬಂದಾಗ ಈ ನಂಬಿಕೆ ತುಂಬ ಕೆಟ್ಟದ್ದು ಮಾಡುತ್ತದೆ.

ಒಬ್ಬಳು ಹುಡುಗಿ, ಸೆಕೆಂಡ್ ಪಿಯುಸಿ. ಅವಳ ತರಗತಿಯ ಹುಡುಗ ಪ್ರತಿ ರಾತ್ರಿ ಮೆಸೇಜ್ ಮಾಡುತ್ತಾನೆ. ಊಟ ಆಯ್ತಾ, ಏನ್ ಮಾಡ್ತಿದ್ದೀಯ, ನಿನ್ನ ಜೊತೆ ಮಾತಾಡಿದ್ರೆನೇ ಸಮಾಧಾನ ಅನ್ನುತ್ತಾನೆ. ಒಂದು ಗಂಟೆ ರಾತ್ರಿವರೆಗೂ ನಡೆಯುತ್ತದೆ. ಬೆಳಗ್ಗೆ ಕಾಲೇಜಿಗೆ ಬಂದರೆ ಕಾರಿಡಾರಿನಲ್ಲಿ ಎದುರಿಗೆ ಸಿಕ್ಕವನು ಗೋಡೆ ನೋಡಿಕೊಂಡು ಹೋಗುತ್ತಾನೆ. ಪ್ರಾಕ್ಟಿಕಲ್‌ನಲ್ಲಿ ಒಂದೇ ಬ್ಯಾಚ್. ಅವಳು ಏನೋ ಕೇಳಿದರೆ ಪರಿಚಯವೇ ಇಲ್ಲದವನ ಹಾಗೆ ಒಂದೇ ಪದದ ಉತ್ತರ. "ಯಾಕೆ ಹೀಗೆ" ಅಂತ ಅವಳು ಕೇಳಿದ್ದಕ್ಕೆ ಬಂದ ಉತ್ತರ, "ನಮ್ ಹುಡುಗ್ರು ಸುಮ್ನೆ ಆಡ್ಕೋತಾರೆ. ನೀನು ಸ್ವಲ್ಪ ಸಣ್ಣ ಆಗು, ಆಮೇಲೆ ಎಲ್ರಿಗೂ ಹೇಳ್ತೀನಿ."

ಅವಳು ಅವತ್ತಿನಿಂದ ರಾತ್ರಿ ಊಟ ಬಿಟ್ಟಳು. ಮಧ್ಯಾಹ್ನದ ಡಬ್ಬಿಯನ್ನು ಗೆಳತಿಗೆ ಕೊಟ್ಟಳು. ಆನ್‌ಲೈನಿನಲ್ಲಿ ತೂಕ ಇಳಿಸುವ ಟೀ ಪುಡಿ ತರಿಸಿಕೊಂಡಳು. ಎರಡು ದಿನ ಉಪವಾಸ, ಮೂರನೆಯ ದಿನ ತಡೆಯಲಾರದೆ ಅಡುಗೆಮನೆಯಲ್ಲಿ ಸಿಕ್ಕಿದ್ದನ್ನೆಲ್ಲ ತಿನ್ನುವುದು, ಆಮೇಲೆ ಬಾತ್‌ರೂಮಿನಲ್ಲಿ ಬೆರಳು ಹಾಕಿ ವಾಂತಿ. ಮನೆಯವರಿಗೆ ಕಂಡಿದ್ದು ಇಷ್ಟೇ: ಮಗಳು ಡಯಟ್ ಮಾಡುತ್ತಿದ್ದಾಳೆ, ಒಳ್ಳೆಯದಾಯಿತು. ಅಮ್ಮ ಖುಷಿಪಟ್ಟು ಹೊಸ ಚೂಡಿದಾರ್ ಕೂಡ ಕೊಡಿಸಿದ್ದರು. ಅದು ಒಂದು ಸೈಜ್ ಚಿಕ್ಕದು. "ಇದಕ್ಕೆ ಹಿಡಿಸೋ ಹಾಗೆ ಆಗು" ಅಂತ.

ನಾನು ಅವಳನ್ನು ಕೇಳಿದೆ, ಆ ಹುಡುಗ ನಿನಗೆ ಯಾಕೆ ಇಷ್ಟ? ಅವಳು ತುಂಬ ಹೊತ್ತು ಯೋಚಿಸಿದಳು. "ಅವನಿಗೆ ನಾನು ಇಷ್ಟ ಅಲ್ವಾ ಮೇಡಂ, ಅದಕ್ಕೆ." ಅವನು ಹೇಗಿದ್ದಾನೆ, ಏನು ಓದುತ್ತಾನೆ, ನಗಿಸುತ್ತಾನಾ, ಕೋಪ ಬಂದರೆ ಏನು ಮಾಡುತ್ತಾನೆ, ಯಾವುದೂ ಇಲ್ಲ. ಅವನು ನನ್ನನ್ನು ಒಪ್ಪಿದ್ದಾನೆ, ಅದೇ ದೊಡ್ಡದು. ಸಿಕ್ಕಿದ್ದೇ ಪುಣ್ಯ.

ಇವತ್ತು ನಾನು ಹೇಳಬೇಕೆಂದು ಬಂದಿರುವುದೇ ಈ ಸಿಕ್ಕಿದ್ದೇ ಪುಣ್ಯದ ಬಗ್ಗೆ. ದಪ್ಪಗಿರುವ ಮಕ್ಕಳಿಗೆ ಪ್ರೀತಿ ಸಿಗುವುದಿಲ್ಲ ಎನ್ನುವುದಕ್ಕಿಂತ ದೊಡ್ಡ ತೊಂದರೆ ಅದು. ತನಗೆ ಆಯ್ಕೆ ಇಲ್ಲ ಎಂದು ನಂಬಿದ ಮಗುವಿಗೆ ಬೇಡ ಎನ್ನಲು ಬಾಯಿ ಬರುವುದಿಲ್ಲ. ಗುಟ್ಟಾಗಿರು ಅಂದರೆ ಗುಟ್ಟಾಗಿರುತ್ತದೆ. ಫೋಟೋ ಕಳಿಸು ಅಂದರೆ ಕಳಿಸುತ್ತದೆ. ಬೈದರೆ ಬೈಸಿಕೊಳ್ಳುತ್ತದೆ. ಇನ್ನು ಕೆಲವರು ಪ್ರೀತಿಯನ್ನೇ ಮುಂದಕ್ಕೆ ಹಾಕುತ್ತಾರೆ. ಸಣ್ಣ ಆದಮೇಲೆ ಮಾತಾಡಿಸುತ್ತೇನೆ, ಸಣ್ಣ ಆದಮೇಲೆ ಫೋಟೋ ಹಾಕುತ್ತೇನೆ, ಸಣ್ಣ ಆದಮೇಲೆ ಟ್ರಿಪ್‌ಗೆ ಹೋಗುತ್ತೇನೆ ಅಂತ ಹದಿನಾರು, ಹದಿನೇಳು, ಹದಿನೆಂಟು ಎಲ್ಲ ಹೋಗಿಬಿಡುತ್ತದೆ.

ಈ ನಂಬಿಕೆ ಅವರಿಗೆ ಎಲ್ಲಿಂದ ಬಂತು? ಪೋಷಕರೇ, ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ. ಬಹಳ ಸಲ ಅದು ಮನೆಯಿಂದಲೇ ಬಂದಿರುತ್ತದೆ. ಹನ್ನೊಂದು ವರ್ಷದ ಹುಡುಗಿ ಎರಡನೆಯ ಸಲ ಚಿತ್ರಾನ್ನ ಹಾಕಿಸಿಕೊಂಡರೆ "ಹೀಗಾದ್ರೆ ಯಾರು ನಿನ್ನ ಕಟ್ಕೋತಾರೆ" ಅನ್ನುತ್ತೇವೆ. ಆ ಮಗುವಿನ ಜೀವನದಲ್ಲಿ ಇನ್ನೂ ಯಾವ ಹುಡುಗನೂ ಬಂದಿಲ್ಲ. ಬರುವ ಮೊದಲೇ ಅವನು ಬೇಡ ಅಂದಾಗಿದೆ, ಅಮ್ಮನ ಬಾಯಲ್ಲಿ. ಮದುವೆ ಮನೆಯಲ್ಲಿ ನೆಂಟರು "ಅಕ್ಕಂಗಿಂತ ನೀನೇ ದೊಡ್ಡವಳ ಥರ ಕಾಣ್ತೀಯ" ಅಂತ ಕೆನ್ನೆ ಹಿಂಡುತ್ತಾರೆ. ಎಲ್ಲರೂ ನಗುತ್ತಾರೆ. ಅವಳೂ ನಗುತ್ತಾಳೆ.

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ 7ರಿಂದ 12ನೇ ತರಗತಿಯ 4,700ಕ್ಕೂ ಹೆಚ್ಚು ಮಕ್ಕಳನ್ನು ಕೇಳಿ ಮಾಡಿದ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಯಿತು. ತೂಕದ ಬಗ್ಗೆ ಹೀಯಾಳಿಕೆ ಕೇಳಿದ ಮಕ್ಕಳಲ್ಲಿ ಬೇಸರ, ತನ್ನ ಬಗ್ಗೆ ಕೀಳರಿಮೆ, ಸಾಯುವ ಯೋಚನೆ ಎಲ್ಲವೂ ಜಾಸ್ತಿ ಇತ್ತು. ಗೆಳೆಯರೂ ಆಡಿಕೊಂಡು ಮನೆಯವರೂ ಆಡಿಕೊಂಡ ಮಕ್ಕಳ ಸ್ಥಿತಿ ಎಲ್ಲರಿಗಿಂತ ಕೆಟ್ಟದಾಗಿತ್ತು. ಮಗುವಿನ ನಿಜವಾದ ತೂಕ ಎಷ್ಟೇ ಇರಲಿ, ಹೀಯಾಳಿಕೆಯ ಪರಿಣಾಮ ಹಾಗೇ ಇತ್ತು. ಅದೇ ರಾಜ್ಯದ ಇನ್ನೊಂದು ಅಧ್ಯಯನ 2013ರದ್ದು. ಅಪ್ಪ ಅಮ್ಮ ತೂಕದ ಬಗ್ಗೆಯೇ ಮಾತಾಡುತ್ತಿದ್ದ ಮನೆಯ ಮಕ್ಕಳಲ್ಲಿ ಉಪವಾಸ, ವಾಂತಿ, ವಿಪರೀತ ತಿನ್ನುವುದು ಹೆಚ್ಚು ಕಂಡಿತು. ಒಳ್ಳೆಯ ಊಟದ ಬಗ್ಗೆ ಮಾತ್ರ ಮಾತಾಡುತ್ತಿದ್ದ ಮನೆಯ ಮಕ್ಕಳಲ್ಲಿ ಅದು ಕಡಿಮೆ. ಹಾಗಾಗಿ ಸೊಪ್ಪು ಸಾರು ಮಾಡಿ, ಒಟ್ಟಿಗೆ ಕೂತು ಉಣ್ಣಿ, ರಾತ್ರಿ ಊಟ ಆದಮೇಲೆ ಜೊತೆಯಲ್ಲಿ ನಡೆದುಕೊಂಡು ಬನ್ನಿ. ಕಟ್ಟಿಕೊಳ್ಳುವವರ ಸುದ್ದಿ ಮಾತ್ರ ಊಟದ ತಟ್ಟೆಯ ಮುಂದೆ ಬೇಡ.

ಇನ್ನೊಂದು ವಿಷಯ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ನನ್ನೆದುರು ಕೂತಾಗ ಅರ್ಧ ಮಾತಿನಲ್ಲಿ ಹೊರಬರುತ್ತದೆ. ತೆಳ್ಳಗಿರುವ ಮಗಳ ಬಗ್ಗೆ ಅಪ್ಪ ಅಮ್ಮನಿಗೆ ಭಯ. ಯಾರ ಜೊತೆ ಮಾತಾಡುತ್ತಾಳೆ, ಬಸ್ ಎಷ್ಟು ಗಂಟೆಗೆ ಬಂತು, ಎಲ್ಲ ನೋಡುತ್ತಾರೆ. ದಪ್ಪಗಿರುವ ಮಗಳ ಬಗ್ಗೆ ನಿಶ್ಚಿಂತೆ. "ಅವಳಿಗೆ ಅಂಥದ್ದೆಲ್ಲ ಇಲ್ಲ ಬಿಡಿ ಮೇಡಂ." ಅವಳಿಗೂ ಹದಿನೇಳು ವರ್ಷ, ಅವಳಿಗೂ ಮನಸ್ಸಿದೆ ಅನ್ನುವುದು ಮನೆಯವರಿಗೆ ಹೊಳೆದೇ ಇರುವುದಿಲ್ಲ. ಅದರಿಂದ ಆಗುವುದೇನು? ಬೇರೆ ಹುಡುಗಿಯರಿಗೆ ಅಮ್ಮನೋ ಅಕ್ಕನೋ ಕಿವಿಯಲ್ಲಿ ಹೇಳುವ ಎಚ್ಚರಿಕೆಯ ಮಾತು ಇವಳಿಗೆ ಯಾರೂ ಹೇಳುವುದಿಲ್ಲ.

ಅಮೆರಿಕದಲ್ಲಿ ತೀವ್ರ ಬೊಜ್ಜಿರುವ ಹೈಸ್ಕೂಲ್ ಮಕ್ಕಳ ಬಗ್ಗೆ 2011ರಲ್ಲಿ ಬಂದ ಅಧ್ಯಯನದಲ್ಲಿ ಇದರ ಸುಳಿವಿದೆ. ಈ ಹುಡುಗಿಯರಲ್ಲಿ ದೈಹಿಕ ಸಂಬಂಧಕ್ಕೆ ಹೋದವರ ಸಂಖ್ಯೆ ಉಳಿದವರಿಗಿಂತ ಕಡಿಮೆ. ಆದರೆ ಹೋದವರಲ್ಲಿ, ಆ ಹೊತ್ತಿಗೆ ಕುಡಿದಿದ್ದೆ ಅಥವಾ ಮಾದಕ ವಸ್ತು ತೆಗೆದುಕೊಂಡಿದ್ದೆ ಎಂದವರು ಉಳಿದವರಿಗಿಂತ ಜಾಸ್ತಿ. ಅದು ಬೇರೆ ದೇಶ, ಬೇರೆ ರೀತಿ ನೀತಿ. ಆದರೂ ನನಗೆ ಅದನ್ನು ಓದಿದಾಗ ನಮ್ಮ ಮಕ್ಕಳ ಮುಖಗಳೇ ನೆನಪಾದವು. ಅಪರೂಪಕ್ಕೆ ಯಾರೋ ಹತ್ತಿರ ಬಂದಾಗ, ಅವರು ದೂರ ಹೋಗದಿರಲಿ ಅಂತ ತನ್ನ ಎಚ್ಚರವನ್ನೇ ಬಿಟ್ಟುಕೊಡುವ ಮಕ್ಕಳು.

ಅಲ್ಲಿನದೇ ಇನ್ನೂ ಹಳೆಯ ಅಧ್ಯಯನ 2002ರದ್ದು, 9ರಿಂದ 12ನೇ ತರಗತಿಯ 400ಕ್ಕೂ ಹೆಚ್ಚು ಮಕ್ಕಳ ಮೇಲೆ ಮಾಡಿದ್ದು. ಬೊಜ್ಜಿರುವ ಹುಡುಗರಿಗೆ ಹೊಡೆತ, ತಳ್ಳಾಟ, ಬೆದರಿಕೆ ಜಾಸ್ತಿ. ಹುಡುಗಿಯರಿಗೆ ಗುಂಪಿನಿಂದ ಹೊರಗಿಡುವುದು, ಬೆನ್ನ ಹಿಂದೆ ಮಾತು ಹಬ್ಬಿಸುವುದು ಜಾಸ್ತಿ. ಈ ಹುಡುಗಿಯರು ಡೇಟಿಂಗ್ ಮಾಡುವುದು ಬೇರೆಯವರಿಗಿಂತ ಕಡಿಮೆ. ಹುಡುಗರಲ್ಲಿ ಅಂಥ ವ್ಯತ್ಯಾಸ ಎದ್ದು ಕಾಣಲಿಲ್ಲ, ಆದರೂ ತಮ್ಮ ಪ್ರೀತಿಯ ಬದುಕಿನ ಬಗ್ಗೆ ಬೇಸರ ಇಬ್ಬರಿಗೂ ಇತ್ತು. ಹುಡುಗರ ಈ ಬೇಸರ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಯಾಕೆಂದರೆ ಅವರು ನಗಿಸುತ್ತಿರುತ್ತಾರೆ. ತರಗತಿಯಲ್ಲಿ ದಪ್ಪಗಿರುವ ಹುಡುಗ ಯಾರು ಅಂತ ನೋಡಿ. ಬಹಳ ಕಡೆ ಅವನೇ ಜೋಕರ್. ಬೇರೆಯವರು ಆಡಿಕೊಳ್ಳುವ ಮೊದಲು ತಾನೇ ತನ್ನ ಹೊಟ್ಟೆಯ ಮೇಲೆ ಜೋಕ್ ಮಾಡಿ ಮುಗಿಸುತ್ತಾನೆ. ಹುಡುಗಿಯರಿಗೆ ಅವನು ಬ್ರೋ. ಎಲ್ಲರ ಚೀಟಿ ತಲುಪಿಸುವವನು, ಎಲ್ಲರ ಬ್ರೇಕಪ್‌ಗೆ ಸಮಾಧಾನ ಹೇಳುವವನು ಅವನೇ. ಒಬ್ಬ ಹುಡುಗ ನನ್ನ ಮುಂದೆ ಅತ್ತಿದ್ದು ಇದಕ್ಕೆ. ಅವನಿಗೆ ಇಷ್ಟವಾದ ಹುಡುಗಿ, ತನಗೆ ಇಷ್ಟವಾದ ಇನ್ನೊಬ್ಬನ ಬಗ್ಗೆ ವಿಚಾರಿಸಿಕೊಂಡು ಬಾ ಅಂತ ಇವನನ್ನೇ ಕಳಿಸಿದಳು. ಅವನು ಹೋಗಿ ವಿಚಾರಿಸಿಕೊಂಡು ಬಂದ. ಅವಳಿಗೆ ಕೋಪವಿಲ್ಲದೆ ಎಲ್ಲ ಹೇಳಿದ. ರಾತ್ರಿ ಮನೆಗೆ ಹೋಗಿ ಊಟ ಬಿಟ್ಟ.

ಅದೇ ಹುಡುಗ ಬೇಸಿಗೆಯಲ್ಲೂ ಶರ್ಟಿನ ಒಳಗೆ ಎರಡು ಬನಿಯನ್ ಹಾಕುತ್ತಿದ್ದ. ಎದೆ ಕಾಣಬಾರದು ಅಂತ. ಹುಡುಗರೇ, ಇದನ್ನು ನಿಮಗೆ ಯಾರೂ ಹೇಳಿರುವುದಿಲ್ಲ, ಕೇಳಿ. ಹರೆಯಕ್ಕೆ ಬರುವಾಗ ಹಾರ್ಮೋನುಗಳ ಏರುಪೇರಿನಿಂದ ಹುಡುಗರ ಎದೆ ಸ್ವಲ್ಪ ಉಬ್ಬುವುದು ತುಂಬ ಸಾಮಾನ್ಯ. ತೆಳ್ಳಗಿರುವವರಿಗೂ ಆಗುತ್ತದೆ. ಬಹುಪಾಲು ಒಂದೆರಡು ವರ್ಷದಲ್ಲಿ ತಾನಾಗಿಯೇ ಇಳಿಯುತ್ತದೆ. ತೂಕ ಜಾಸ್ತಿ ಇದ್ದಾಗ ಕೊಬ್ಬೂ ಸೇರಿಕೊಂಡು ಇನ್ನಷ್ಟು ಕಾಣುತ್ತದೆ. ನೋವಿದ್ದರೆ, ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ. ನಿಮ್ಮ ಗಂಡಸುತನಕ್ಕೂ ಇದಕ್ಕೂ ಸಂಬಂಧ ಇಲ್ಲ.

ಹುಡುಗಿಯರಿಗೂ ಇಂಥದ್ದೇ ಒಂದು ಮಾತು. ಕತ್ತಿನ ಹಿಂದೆ, ಕಂಕುಳಲ್ಲಿ ಕಪ್ಪಗೆ, ಮಖಮಲ್ ಬಟ್ಟೆಯ ಹಾಗೆ ದಪ್ಪಗಾಗುವ ಚರ್ಮ ಕೆಲವರಿಗೆ ಇರುತ್ತದೆ. ಕೊಳೆ ಅಂದುಕೊಂಡು ನಿಂಬೆಹಣ್ಣು, ಕಡಲೆಹಿಟ್ಟು, ಸ್ಕ್ರಬ್ ಹಾಕಿ ರಕ್ತ ಬರುವ ಹಾಗೆ ಉಜ್ಜಿಕೊಂಡವರನ್ನು ನೋಡಿದ್ದೇನೆ. ಕೂದಲು ಎತ್ತಿ ಕಟ್ಟಲು ಹೆದರುವವರು, ಹಿಂದಿನ ಬೆಂಚಿನಲ್ಲಿ ಯಾರೂ ಇರದ ಜಾಗ ಹುಡುಕುವವರು. ಅದು ಕೊಳೆ ಅಲ್ಲ. ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುತ್ತಿಲ್ಲ ಎಂಬುದರ ಗುರುತು. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುವುದು, ಗಲ್ಲದ ಮೇಲೆ ಕೂದಲು, ಬಿಡದ ಮೊಡವೆ ಇವೆಲ್ಲ ಜೊತೆಗಿದ್ದರೆ ಪಿಸಿಓಎಸ್ ಎಂಬ ಹಾರ್ಮೋನುಗಳ ತೊಂದರೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. "ಇವಳು ಕತ್ತು ತೊಳೆಯಲ್ಲ" ಎಂಬ ಮಾತಿಗೆ ಹೆದರಿ ಒಬ್ಬಳು ತನಗೆ ಇಷ್ಟವಾದವನ ಪಕ್ಕ ಬಸ್ಸಿನಲ್ಲಿ ಕೂರುವುದನ್ನೇ ಬಿಟ್ಟಿದ್ದಳು. ಒಂದು ರಕ್ತ ಪರೀಕ್ಷೆ, ಒಬ್ಬ ಡಾಕ್ಟರ ಐದು ನಿಮಿಷದ ಮಾತು, ಇಷ್ಟು ಮೊದಲೇ ಸಿಕ್ಕಿದ್ದರೆ ಅವಳು ಒಂದು ವರ್ಷ ಆ ಸೀಟು ಬಿಡಬೇಕಾಗಿರಲಿಲ್ಲ.

ಈಗ ವಿದ್ಯಾರ್ಥಿಗಳಿಗೆ ಒಂದು ಗಟ್ಟಿ ಮಾತು. ಡೇರ್ ಪ್ರಪೋಸಲ್ ಅಂತ ಒಂದು ಆಟ ಇದೆ. ಉಪನ್ಯಾಸಕರಿಗೆ ಗೊತ್ತಿಲ್ಲದಿದ್ದರೆ ತಿಳಿದುಕೊಳ್ಳಿ. ರೋಸ್ ಡೇ ದಿನವೋ, ಫ್ರೆಶರ್ಸ್ ಪಾರ್ಟಿಯಲ್ಲೋ ನಾಲ್ಕು ಜನ ಸೇರಿ ಒಬ್ಬನಿಗೆ ಹೇಳುತ್ತಾರೆ, "ಧೈರ್ಯ ಇದ್ರೆ ಅವಳಿಗೆ ಪ್ರಪೋಸ್ ಮಾಡು." ಅವಳು ಅಂದರೆ ತರಗತಿಯಲ್ಲಿ ಎಲ್ಲರಿಗಿಂತ ದಪ್ಪಗಿರುವ ಹುಡುಗಿ. ಅವನು ಮಂಡಿಯೂರಿ ಗುಲಾಬಿ ಕೊಡುತ್ತಾನೆ. ಯಾರೋ ವಿಡಿಯೋ ಮಾಡುತ್ತಿರುತ್ತಾರೆ. ಆ ಹುಡುಗಿಗೆ ಎರಡು ಸೆಕೆಂಡ್ ನಿಜ ಅನ್ನಿಸುತ್ತದೆ. ಅವಳ ಮುಖದ ಮೇಲೆ ಬರುವ ಆ ಎರಡು ಸೆಕೆಂಡಿನ ಬೆಳಕೇ ಅವರಿಗೆ ಬೇಕಾದ ತಮಾಷೆ. ಆಮೇಲೆ ನಗು. ವಿಡಿಯೋ ಗ್ರೂಪಿನಲ್ಲಿ ಹರಿದಾಡುತ್ತದೆ.

ಇದು ಆದ ಹುಡುಗಿಯೊಬ್ಬಳು ನನ್ನ ಹತ್ತಿರ ಬಂದಾಗ ಡಿಗ್ರಿ ಮೊದಲ ವರ್ಷದಲ್ಲಿದ್ದಳು. ಒಳ್ಳೆಯ ಹುಡುಗನೊಬ್ಬ, ಲೈಬ್ರರಿಯಲ್ಲಿ ಪರಿಚಯವಾದವನು, ನೀನು ನನಗೆ ಇಷ್ಟ ಅಂದನಂತೆ. ಅವಳು ಮೊದಲು ಮಾಡಿದ್ದು ಸುತ್ತ ಮುತ್ತ ಮೊಬೈಲ್ ಹಿಡಿದವರು ಯಾರಿದ್ದಾರೆ ಅಂತ ನೋಡಿದ್ದು. ಎರಡು ವರ್ಷ ಹಿಂದಿನ ಎರಡು ನಿಮಿಷದ ತಮಾಷೆ. ಅದನ್ನು ಮಾಡಿದವರಿಗೆ ಈಗ ನೆನಪೂ ಇರಲಿಕ್ಕಿಲ್ಲ. ಈ ಕೋಣೆಯಲ್ಲಿ ಯಾರ ಮೊಬೈಲಿನಲ್ಲಾದರೂ ಅಂಥ ವಿಡಿಯೋ ಇದ್ದರೆ ಇವತ್ತೇ ಅಳಿಸಿ. ಗ್ರೂಪಿನಲ್ಲಿ ಬಂದಾಗ ನಗುವ ಇಮೋಜಿ ಹಾಕದೆ "ಇದು ತಪ್ಪು, ತೆಗೀರಿ" ಅಂತ ಒಬ್ಬರು ಬರೆದರೂ ಸಾಕು, ಉಳಿದವರಲ್ಲಿ ಅರ್ಧ ಜನಕ್ಕೆ ಅದೇ ಅನ್ನಿಸಿರುತ್ತದೆ.

ಫೋಟೋ ವಿಷಯ. ಹದಿನೆಂಟು ತುಂಬದವರ ಖಾಸಗಿ ಫೋಟೋ ಕೇಳುವುದು, ಇಟ್ಟುಕೊಳ್ಳುವುದು, ಹಂಚುವುದು ಕಾನೂನಿನ ಪ್ರಕಾರ ಅಪರಾಧ. ಕೇಳಿದವನು ಕ್ಲಾಸ್‌ಮೇಟ್ ಆದರೂ ಅಷ್ಟೇ. ದಪ್ಪಗಿರುವ ಮಕ್ಕಳನ್ನು ಹೆದರಿಸುವವರು ಇನ್ನೊಂದು ಮಾತು ಸೇರಿಸುತ್ತಾರೆ: "ನಿನ್ನ ಮೈ ನೋಡಿ ಎಲ್ರೂ ನಗ್ತಾರೆ, ಹೇಳಿದ ಹಾಗೆ ಕೇಳು." ಆ ಮಾತಿಗೆ ಹೆದರಿ ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ. ಕಳಿಸಿ ಆಗಿದ್ದರೂ ದಾರಿ ಮುಚ್ಚಿಲ್ಲ. ನಂಬುವ ಒಬ್ಬ ದೊಡ್ಡವರಿಗೆ ಹೇಳಿ. ಮಕ್ಕಳ ಸಹಾಯವಾಣಿ 1098 ಇದೆ. ಸೈಬರ್ ಅಪರಾಧದ ಸರ್ಕಾರಿ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಹದಿನೆಂಟರ ಒಳಗಿನವರ ಫೋಟೋ ಹರಡದಂತೆ ತಡೆಯಲು 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ 2023ರಿಂದ ಇದೆ. ಅದರಲ್ಲಿ ನಿಮ್ಮ ಫೋಟೋವನ್ನು ಯಾರಿಗೂ ಕಳಿಸಬೇಕಾಗಿಲ್ಲ. ನಿಮ್ಮ ಮೊಬೈಲಿನಲ್ಲೇ ಅದರ ಒಂದು ಸಂಕೇತ ತಯಾರಾಗಿ, ಅದು ಮಾತ್ರ ಆ ಸೇವೆಗೆ ಸೇರಿದ ಕಂಪನಿಗಳಿಗೆ ಹೋಗುತ್ತದೆ.

ಪೋಕ್ಸೋ ಕಾಯ್ದೆ 2012ರಿಂದ ಇದೆ. ಹದಿನೆಂಟರ ಒಳಗಿನವರ ಜೊತೆ ದೈಹಿಕ ಸಂಬಂಧ, ಇಬ್ಬರೂ ಒಪ್ಪಿದ್ದರೂ, ಕಾನೂನಿನ ಕಣ್ಣಿನಲ್ಲಿ ಅಪರಾಧವೇ. ಹದಿನಾರು ದಾಟಿದ ಹುಡುಗಿಯರ ಪ್ರೇಮ ಪ್ರಕರಣಗಳು ಹೀಗೆ ಕೋರ್ಟಿಗೆ ಬರುತ್ತಿರುವುದನ್ನು ನೋಡಿ, ಈ ವಯಸ್ಸಿನ ಮಿತಿಯನ್ನು ಮತ್ತೆ ಯೋಚಿಸಬೇಕು ಎಂದು ನಮ್ಮ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ ಹೇಳಿತ್ತು. 2023ರಲ್ಲಿ ಕಾನೂನು ಆಯೋಗ ಮಿತಿಯನ್ನು ಇಳಿಸುವುದು ಬೇಡ ಅಂದಿತು. ಹಾಗಾಗಿ ಇವತ್ತಿಗೂ ಹದಿನೆಂಟೇ. ಇದನ್ನು ಮಕ್ಕಳಿಗೆ ಹೆದರಿಸುವ ಧಾಟಿಯಲ್ಲಿ ಹೇಳಬೇಡಿ, ತಿಳಿಸುವ ಧಾಟಿಯಲ್ಲಿ ಹೇಳಿ. ಹೆದರಿದ ಮಗು ತೊಂದರೆಯಾದಾಗ ನಿಮ್ಮ ಹತ್ತಿರ ಬರುವುದಿಲ್ಲ.

ಬರೀ ನೋವಿನದೇ ಹೇಳುತ್ತಿದ್ದೇನೆ. ಆದರೆ ಚೆನ್ನಾಗಿ ನಡೆಯುವುದನ್ನೂ ನೋಡಿದ್ದೇನೆ. ಒಬ್ಬರು ತಂದೆ, ಅಂಗಡಿ ಇಟ್ಟುಕೊಂಡವರು. ಮಗಳು ಫೋನ್ ಹಿಡಿದು ನಗುವುದನ್ನು ನೋಡಿ ಅವರಿಗೆ ಅರ್ಥವಾಯಿತು. ಫೋನ್ ಕಿತ್ತುಕೊಳ್ಳಲಿಲ್ಲ. "ಯಾವನವನು, ಯಾವ ಜನ" ಅಂತ ಕೇಳಲಿಲ್ಲ. ರಾತ್ರಿ ಶಟರ್ ಎಳೆದು ಮನೆಗೆ ನಡೆದು ಬರುವಾಗ ಕೇಳಿದ್ದು ಒಂದೇ ಪ್ರಶ್ನೆ: "ಅವನು ನಿನ್ನ ಹತ್ರ ಹೇಗೆ ಮಾತಾಡ್ತಾನೆ?" ಆ ಹುಡುಗಿ ಉತ್ತರ ಹುಡುಕಿದಳು. ಅವನು ಬೇರೆಯವರೆದುರು ತನ್ನನ್ನು "ಡಬ್ಬಲ್ ಬೆಡ್" ಅನ್ನುತ್ತಾನೆ, ಆಮೇಲೆ ಸಾರಿ ಕೇಳುತ್ತಾನೆ ಎಂದು ಹೇಳುವಾಗ ತನ್ನ ಮಾತು ತನಗೇ ಕೇಳಿಸಿತು. ಅವಳೇ ಅವನನ್ನು ಬಿಟ್ಟಳು. ಅಪ್ಪ ಬಿಡಿಸಿದ್ದರೆ ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳೇನೋ.

ಇನ್ನೊಂದು ಜೋಡಿ ಇದೆ. ಹುಡುಗ ದಪ್ಪ, ಹುಡುಗಿ ಅಲ್ಲ. ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಒಂದೇ ಇಯರ್‌ಫೋನ್ ಹಂಚಿಕೊಂಡು ಕೂರುತ್ತಾರೆ, ಕೆಮಿಸ್ಟ್ರಿ ನೋಟ್ಸ್‌ಗೆ ಜಗಳ ಆಡುತ್ತಾರೆ. ಅವಳ ಗೆಳತಿಯರು ಮೊದಮೊದಲು ನಕ್ಕರು. ಅವಳು "ಅವನ ಜೊತೆ ಇದ್ರೆ ನಂಗೆ ಬೋರ್ ಆಗಲ್ಲ" ಅಂದಳು. ಅಷ್ಟಕ್ಕೆ ಆ ವಿಷಯ ಮುಗಿಯಿತು. ಇದರಲ್ಲಿ ಕತೆಯೇ ಇಲ್ಲ ಅನ್ನಿಸಬಹುದು. ದಪ್ಪಗಿರುವ ಮಕ್ಕಳ ಪ್ರೀತಿಯೂ ಹೀಗೆ ಕತೆಯೇ ಇಲ್ಲದಷ್ಟು ಸಾದಾ ಆಗಿರಬೇಕು ಎಂಬುದು ನನ್ನ ಆಸೆ.

ಇಷ್ಟಾದ ಮೇಲೆ ಪ್ರಶ್ನೆಗಳಿಗೆ ಸಮಯ ಕೊಟ್ಟರು. ಮೊದಲು ಒಬ್ಬ ತಾಯಿ ಎದ್ದು ನಿಂತರು. "ತೂಕದ ಬಗ್ಗೆ ಮಾತೇ ಆಡಬೇಡಿ ಅಂದ್ರೆ ಹೇಗೆ ಮೇಡಂ? ಡಾಕ್ಟರೇ ಇಳಿಸಬೇಕು ಅಂದಿದ್ದಾರೆ."

ಡಾಕ್ಟರು ಹೇಳಿದ್ದನ್ನು ಮಾಡಿ. ಶುಗರ್, ಬಿಪಿ, ಲಿವರ್, ಮುಟ್ಟು, ಗೊರಕೆ, ಮಂಡಿನೋವು ಇವು ನಿಜವಾದ ತೊಂದರೆಗಳು, ಚಿಕಿತ್ಸೆ ಬೇಕು. ಆದರೆ ಚಿಕಿತ್ಸೆಯನ್ನು ಮದುವೆಗೆ, ಪ್ರೀತಿಗೆ ಗಂಟು ಹಾಕಬೇಡಿ. "ಸಣ್ಣ ಆದ್ರೆ ಚೆಂದ ಕಾಣ್ತೀಯ" ಅನ್ನುವ ಬದಲು "ಮೆಟ್ಟಿಲು ಹತ್ತಿದಾಗ ಈಗ ಏದುಸಿರು ಕಡಿಮೆ ಅಲ್ವಾ" ಅನ್ನಿ. ಹೊಸ ಬಟ್ಟೆಯನ್ನು ಇವತ್ತಿನ ಅಳತೆಗೇ ಹೊಲಿಸಿ. ಊಟ ಬಿಡುತ್ತಿದ್ದರೆ, ಊಟವಾದ ಕೂಡಲೇ ಬಾತ್‌ರೂಮಿಗೆ ಓಡುತ್ತಿದ್ದರೆ, ಕದ್ದು ತಿನ್ನುತ್ತಿದ್ದರೆ ಬೈಯದೆ ಕರೆದುಕೊಂಡು ಹೋಗಿ ತೋರಿಸಿ. ನಮ್ಮ ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್‌ಗಳಿವೆ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೇಡ.

ಒಬ್ಬ ಉಪನ್ಯಾಸಕರು ಕೇಳಿದರು, "ಕಾಲೇಜ್ ಡೇ ಸ್ಕಿಟ್‌ನಲ್ಲಿ ದಪ್ಪಗಿರೋ ಹುಡುಗನೇ ತಾನಾಗಿ ಕಾಮಿಡಿ ರೋಲ್ ಕೇಳ್ತಾನೆ. ಕೊಡಬಾರದಾ?"

ಕೊಡಿ, ಚೆನ್ನಾಗಿ ನಗಿಸುತ್ತಾನಾದರೆ ಕೊಡಿ. ನಗು ಅವನ ಮಾತಿನಿಂದ ಬರಲಿ, ಹೊಟ್ಟೆಗೆ ದಿಂಬು ಕಟ್ಟಿಕೊಳ್ಳುವುದರಿಂದ ಬೇಡ. ಮುಂದಿನ ವರ್ಷ ಅವನಿಗೆ ಹೀರೋ ಪಾತ್ರ ಕೊಟ್ಟು ನೋಡಿ. ಅವನು ಕೇಳುವುದಿಲ್ಲ. ನೀವೇ ಕರೆದು ಕೊಡಬೇಕು.

ವಿದ್ಯಾರ್ಥಿಗಳು ಹೆಸರು ಬರೆಯದೆ ಚೀಟಿ ಹಾಕಲು ಒಂದು ಡಬ್ಬಿ ಇಟ್ಟಿದ್ದೆವು. ಹೆಚ್ಚಿನ ಚೀಟಿಗಳು ತೂಕ ಜಾಸ್ತಿ ಇರುವ ಮಕ್ಕಳು ಬರೆದವು. ಒಂದು ಮಾತ್ರ ಬೇರೆ ಕಡೆಯಿಂದ ಬಂದಿತ್ತು. "ನಂಗೆ ಒಬ್ಬಳು ಇಷ್ಟ. ಅವಳು ದಪ್ಪ ಇದ್ದಾಳೆ. ಹೇಳಿದ್ರೆ ಫ್ರೆಂಡ್ಸ್ ನಗ್ತಾರೆ. ಏನ್ ಮಾಡ್ಲಿ?"

ಈ ಚೀಟಿ ಬರೆದವನಿಗೆ ಮೊದಲು ಥ್ಯಾಂಕ್ಸ್. ನಿನಗೆ ನಾಚಿಕೆ ಆಗುತ್ತಿರುವುದು ಅವಳಿಂದಲ್ಲ, ಗೆಳೆಯರಿಂದ. ನೀನು ಅದನ್ನು ಸರಿಯಾಗಿಯೇ ಬರೆದಿದ್ದೀಯ. ಪ್ರೀತಿ ಗೀತಿ ಆಮೇಲೆ ಇರಲಿ. ನಾಳೆ ಕ್ಯಾಂಟೀನಿನಲ್ಲಿ ಆ ಗೆಳೆಯರು ಕೂತಿರುವಾಗಲೇ ಅವಳ ಹತ್ತಿರ ಹೋಗಿ ಎರಡು ನಿಮಿಷ ಮಾತಾಡು. ಯಾವುದಾದರೂ ವಿಷಯ, ಲ್ಯಾಬ್ ರೆಕಾರ್ಡ್ ಆದರೂ ಸರಿ. ಅದು ನಿನ್ನಿಂದ ಆಗುತ್ತದಾ ನೋಡು. ಆಗದಿದ್ದರೆ ಅವಳಿಗೆ ರಾತ್ರಿ ಮೆಸೇಜ್ ಮಾಡಬೇಡ. ನಿನ್ನಿಂದ ಅದು ಆಯಿತು ಅಂದರೆ ಪರಿಚಯ ಬೆಳೆಯಲಿ, ಆಮೇಲೆ ನಿಧಾನವಾಗಿ ಹೇಳು. ಇನ್ನೊಂದು ವಿಷಯಕ್ಕೆ ಮೊದಲೇ ತಯಾರಿರು. ಅವಳು "ಇಲ್ಲ, ನಂಗೆ ನಿನ್ನ ಮೇಲೆ ಹಾಗೆ ಅನ್ನಿಸಲ್ಲ" ಅನ್ನಬಹುದು. ನೀನು ಕೇಳಿದ್ದೇ ದೊಡ್ಡದು, ಅವಳು ಒಪ್ಪಲೇಬೇಕು ಅಂತ ಒಳಗೊಳಗೇ ಅಂದುಕೊಂಡಿದ್ದರೆ ಅದನ್ನು ಈಗಲೇ ಬಿಟ್ಟುಬಿಡು. ಬೇಡ ಅನ್ನುವ ಹಕ್ಕು ಅವಳಿಗೂ ಇದೆ.